ಓಗೊಡದ ಗುಡ್ಡ

ಅಜ್ಜಿಯ ಕಥೆಗಳಲ್ಲಿ ಒಬ್ಬ ದನಿಗಳ್ಳಿ ಇದ್ದಳು. ಅವಳಿಗೆ ಸ್ವಂತದ ದನಿಯೇ ಇರಲಿಲ್ಲ. ಮುಸ್ಸಂಜೆಯ ಹೊತ್ತಿಗೆ ಯಾರದೋ ಮನೆಯ ಬಾಗಿಲಾಚೆ ನಿಂತು, ಒಳಗಿರುವ ಮಗುವಿನ ತಾಯಿಯ ದನಿಯಲ್ಲೇ "ಬಾ ಕಂದಾ" ಎಂದು ಕರೆಯುತ್ತಿದ್ದಳು. ಓ ಎಂದು ಓಡಿ ಬಂದ ಮಗುವಿಗೆ ಅಂಗಳದಲ್ಲಿ ಯಾರೂ ಸಿಗುತ್ತಿರಲಿಲ್ಲ. "ಆಮೇಲೆ?" ಎಂದು ಕೇಳಿದರೆ ಅಜ್ಜಿ ದೀಪ ಸಣ್ಣ ಮಾಡುತ್ತಾ, "ಆಮೇಲೇನು, ಮುಂದೆ ಹೆತ್ತ ತಾಯಿ ಕರೆದ್ರೂ ಆ ಮಗು ಓಗೊಡ್ಲಿಲ್ಲ" ಎನ್ನುತ್ತಿದ್ದಳು. ಮೊಮ್ಮಗಳು ಕಂಬಳಿಯೊಳಗೆ ಬಾಯಿ ಮುಚ್ಚಿಕೊಂಡು ಮಲಗುತ್ತಿದ್ದಳು, ನಿದ್ದೆಗಣ್ಣಲ್ಲಿ ಎಲ್ಲಿ ಓ ಎಂದುಬಿಡುತ್ತೇನೋ ಎಂಬ ಭಯಕ್ಕೆ.

ಆ ಮೊಮ್ಮಗಳೇ ಬೆಳೆದು ದೊಡ್ಡವಳಾಗಿ, ತೋಳದ ಮರಿಗಳನ್ನು ಕರೆಯುವ ಕೆಲಸಕ್ಕೆ ಸೇರಿದಳು.

ಕೆಲಸದ ಜಾಗವೆಂದರೆ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆ. ಒಂದರ ಗೋಡೆ ತುಂಬ ಗುಡ್ಡದ ನಕ್ಷೆ. ಇನ್ನೊಂದರ ಕಿಟಕಿಯಲ್ಲಿ ಕಾಗದದ ಪೊಟ್ಟಣಗಳ ಸಾಲು, ಪೊಟ್ಟಣಗಳಲ್ಲಿ ಒಣಗುತ್ತಿರುವ ತೋಳದ ಹೇಲು. ಅದನ್ನು ಪುಡಿ ಮಾಡಿ, ಕೂದಲು ಮೂಳೆ ಹೆಕ್ಕಿ, ತೋಳ ಏನು ತಿಂದಿದೆ ಎಂದು ಹೇಳಬೇಕು. ಎರಡೂ ಕೋಣೆಗಳ ಒಡತಿ, ತಲೆ ನರೆತ ವಿಜ್ಞಾನಿ. ಬೀದಿಯವರು ಅವರನ್ನು ಡಾಕ್ಟ್ರಮ್ಮ ಎಂದು ಕರೆಯುತ್ತಿದ್ದರು. ಕರೆಯುವುದಷ್ಟೇ ಅಲ್ಲ, ಮಂಡಿನೋವಿಗೆ ಮಾತ್ರೆಯನ್ನೂ ಕೇಳುತ್ತಿದ್ದರು. "ನಾಲ್ಕು ಕಾಲಿದ್ರೆ ಬನ್ನಿ, ನೋಡ್ತೀನಿ" ಎಂದು ಅವರು ಸಾಗಹಾಕುತ್ತಿದ್ದರು.

ಹೆಣ್ಣು ತೋಳ ಮರಿ ಹಾಕಿದೆಯೋ ಇಲ್ಲವೋ ಎಂದು ತಿಳಿಯಲು ಗುಹೆಗೆ ಇಣುಕಿ ನೋಡುವಂತಿಲ್ಲ. ಮನುಷ್ಯರ ವಾಸನೆ ಬಿದ್ದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆಗೆ ಹೋಗಿಬಿಡುತ್ತದೆ. ಅದಕ್ಕೇ ಮರಿಗಳು ಸ್ವಲ್ಪ ಬಲಿತ ಮೇಲೆ ಒಂದು ಸಂಜೆ ದೂರದ ಬಂಡೆಯ ಮೇಲೆ ನಿಂತು ತೋಳದ ಹಾಗೆ ಊಳಿಡಬೇಕು. ದೊಡ್ಡ ತೋಳಗಳು ಜಾಣ ಪ್ರಾಣಿಗಳು, ಬೇಕಾದರೆ ಮಾತ್ರ ಉತ್ತರ ಕೊಡುತ್ತವೆ. ಮರಿಗಳಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಅಮ್ಮ ಬಂದಳೆಂದು ಒಂದರ ಮೇಲೊಂದು ಬಿದ್ದು ಕೂಗುತ್ತವೆ. ಆ ಕೂಗು ಕೇಳಿದರೆ, ಮರಿಗಳು ಓಡಿಯಾಡುವಷ್ಟು ದೊಡ್ಡವಾಗುವವರೆಗೆ ಗುಡ್ಡದ ಗೇಟು ಮುಚ್ಚಬೇಕೆಂದು ನಿಯಮ. ಕೇಳದಿದ್ದರೆ ಅದೇ ಗೇಟು ಕಲ್ಲು ಸಾಗಿಸುವ ಲಾರಿಗಳಿಗೆ ತೆರೆಯುತ್ತದೆ.

ಡಾಕ್ಟ್ರಮ್ಮನ ಊಳು ತುಕ್ಕು ಹಿಡಿದ ಗೇಟಿನ ಹಾಗಿತ್ತು. ಹುಡುಗಿ ಮೊದಲ ಸಲ ಕೊರಳೆತ್ತಿದಾಗ ಅವರು ಬೈನಾಕ್ಯುಲರ್ ಕೆಳಗಿಟ್ಟು ಅವಳನ್ನೇ ನೋಡಿದರು. "ಎಲ್ಲಿತ್ತೇ ನಿನ್ನೊಳಗೆ ಇದು? ಇವತ್ತಿಂದ ನೀನೇ ಊಳಮ್ಮ" ಎಂದರು. ಹೆಸರು ಅಂಟಿಕೊಂಡಿತು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: "ಇದು ಇನ್ನೊಬ್ಬರ ಮನೆ ಬಾಗಿಲು ಬಡಿದ ಹಾಗೆ ಕಣೇ. ಕೆಲಸ ಇದ್ರೆ ಬಡೀಬೇಕು, ಒಂದ್ಸಲ. ಆಮೇಲೆ ಬಾಯಿಗೆ ಬೀಗ."

ಈ ವರ್ಷ ಊಳಿಡುವ ಸಂಜೆ ಗೊತ್ತುಪಡಿಸಿಯಾಗಿತ್ತು. ಅರಣ್ಯ ಇಲಾಖೆಯ ಸಾಹೇಬರೂ ಬರುವವರಿದ್ದರು. ಅದಕ್ಕೆ ಮುಂಚಿನ ಭಾನುವಾರ ಡಾಕ್ಟ್ರಮ್ಮ ಪರ ಊರಿಗೆ ಹೋಗಿದ್ದಾಗ ಊಳಮ್ಮನ ಅಕ್ಕ ಭಾವ ಬಂದಿಳಿದರು.

ಅಕ್ಕ ಒಳಗೆ ಕಾಲಿಟ್ಟವಳೇ ಮೂಗಿಗೆ ಸೆರಗು ಹಿಡಿದಳು. "ಅಯ್ಯೋ, ಓದಿ ಓದಿ ಕೊನೆಗೆ ಹೇಲು ಒಣಗಿಸ್ತಾ ಕೂತಿದೀಯೇನೇ? ಯಾರಾದ್ರೂ ನಿನ್ ತಂಗಿಗೆ ಏನು ಕೆಲ್ಸ ಅಂದ್ರೆ ನಾನೇನು ಹೇಳ್ಲಿ?"

"ಸುಮ್ನಿರೇ, ಅದಕ್ಕೂ ಒಂದಿನ ಬೆಲೆ ಬರುತ್ತೆ" ಎಂದ ಭಾವ ನಾದಿನಿಯ ಕಡೆ ಕಣ್ಣು ಮಿಟುಕಿಸಿದ. "ಅಲ್ಲಾ ನಾದಿನಿಯವರೇ, ಊಳಮ್ಮ ಅಂತ ಬಿರುದು ಸಿಕ್ಕಿದೆಯಂತೆ? ಬಿರುದು ಇದ್ದೋರು ವಿದ್ಯೆ ತೋರಿಸ್ಬೇಕಪ್ಪ!"

ಊಳಮ್ಮ ಮೊದಲೇ ಉಬ್ಬಿಸಿದರೆ ಬೆಟ್ಟ ಹತ್ತುವವಳು. ಗುಡ್ಡವನ್ನಷ್ಟೇ ತೋರಿಸುತ್ತೇನೆ ಎಂದು ಕರೆದುಕೊಂಡು ಹೋದಳು. ಬಂಡೆ ಹತ್ತಿದ ಮೇಲೆ, ಇಳಿಬಿಸಿಲಲ್ಲಿ ಎದುರಿನ ಪೊದೆಸಾಲು ಹೊಂಬಣ್ಣಕ್ಕೆ ತಿರುಗಿದಾಗ, ಅಕ್ಕ "ಇಷ್ಟೇನಾ?" ಎಂದುಬಿಟ್ಟಳು. ಆ ಒಂದು ಮಾತು ಸಾಕಾಯಿತು. ಊಳಮ್ಮ ಕೈಗಳನ್ನು ಬಾಯಿಗೆ ಬೊಗಸೆ ಹಿಡಿದು ಕೊರಳೆತ್ತಿದಳು.

ಪೊದೆಸಾಲು ಉಸಿರು ಹಿಡಿದಂತೆ ಸುಮ್ಮನಾಯಿತು. ಮರುಗಳಿಗೆ ಅದರೊಳಗಿಂದ ಎಳೆಯ ಕೂಗುಗಳು ಚಿಮ್ಮಿದವು. ಕೀರಲು, ಒಡಕಲು, ಅರ್ಧಕ್ಕೇ ಕೆಮ್ಮಿ ಮತ್ತೆ ಶುರುವಾಗುವ ಕೂಗುಗಳು. ಅಕ್ಕನ ಕಣ್ಣು ಇಷ್ಟಗಲವಾದವು. "ಅಯ್ಯೋ ನನ್ ತಾಯೀ, ನಿಂಗೇ ಓ ಅಂತಿದಾವಲ್ಲೇ!" ತಂಗಿಯನ್ನು ಅಕ್ಕ ಹಾಗೆ ನೋಡಿದ್ದು ಅದೇ ಮೊದಲು. ಭಾವ ಫೋನು ತೆಗೆದ. "ಇನ್ನೊಂದ್ಸಲ, ರೆಕಾರ್ಡ್ ಆಗ್ಲಿಲ್ಲ." ಇನ್ನೊಂದು ಸಲ ಆಯಿತು. "ಅತ್ತಿಗೆಗೆ ವಿಡಿಯೋ ಕಾಲ್ ಮಾಡ್ತೀನಿ ತಡಿ, ಇನ್ನೊಂದೇ ಒಂದ್ಸಲ ಕಣೇ" ಎಂದಳು ಅಕ್ಕ. ಅದೂ ಆಯಿತು. ಆಗಲೇ ಒಂದು ಮರಿ ಪೊದೆ ಬಿಟ್ಟು ಬಯಲಿಗೆ ಬಂದದ್ದು. ತಲೆಗಿಂತ ಕಿವಿ ದೊಡ್ಡದು, ಕಾಲು ನೆಟ್ಟಗೆ ಊರಲು ಬಾರದು. ಆಚೆ ನೋಡಿತು, ಈಚೆ ನೋಡಿತು, ಕೂತು ಬಾನಿಗೆ ಮುಖವೆತ್ತಿ ಒಂದು ಸಣ್ಣ ಊಳಿಟ್ಟಿತು.

"ಬಾರೋ ಬಾರೋ, ನಿಮ್ಮಮ್ಮ ಇಲ್ಲಿದಾಳೆ!" ಎಂದು ಭಾವ ರೆಕಾರ್ಡ್ ಆಗುತ್ತಿದ್ದ ಫೋನನ್ನು ನಾದಿನಿಯ ಕೈಗಿತ್ತು ಚಪ್ಪಾಳೆ ತಟ್ಟಿದ. ಎಲ್ಲರೂ ನಕ್ಕರು. ಊಳಮ್ಮನೂ ನಕ್ಕಳು.

ಕೊನೆಯ ಸಲ ಕೂಗಿದಾಗ ಉತ್ತರ ಬರಲಿಲ್ಲ. ಮರಿಗಳಿಗೆ ನಿದ್ದೆ ಬಂದಿರಬೇಕು, ಎಂದುಕೊಂಡಳು.

ಗೊತ್ತುಪಡಿಸಿದ ಸಂಜೆ ಬಂತು. ಬಂಡೆಯ ಮೇಲೆ ಡಾಕ್ಟ್ರಮ್ಮ, ಸಾಹೇಬರು, ಇವಳು. ಇವಳು ಕೊರಳೆತ್ತಿ ಕೂಗಿದಳು. ಅಷ್ಟು ಚೆನ್ನಾಗಿ ಅವಳು ಎಂದೂ ಕೂಗಿರಲಿಲ್ಲ. ಗುಡ್ಡ ಸುಮ್ಮನಿತ್ತು. ಕಾದರು, ಮತ್ತೆ ಕೂಗಿದಳು. ಎಲ್ಲೋ ಒಂದು ಟಿಟ್ಟಿಭ ಹಕ್ಕಿ ಅರಚಿಕೊಂಡು ಹಾರಿತು, ಅಷ್ಟೇ. ಡಾಕ್ಟ್ರಮ್ಮ ಅವಳ ಬೆನ್ನು ಸವರಿ, "ನಿನ್ ತಪ್ಪೇನಿಲ್ಲ ಬಿಡೇ. ಕೆಲವು ವರ್ಷ ಮರಿ ಹಾಕಲ್ಲ, ಹಾಕಿದ್ರೂ ಉಳಿಯಲ್ಲ" ಎಂದರು. ಬೆನ್ನ ಮೇಲಿನ ಆ ಕೈ ಅವಳನ್ನು ಕೆಂಡದಂತೆ ಸುಟ್ಟಿತು.

ಜೀಪಿನಲ್ಲಿ ಸಾಹೇಬರು ಆಕಳಿಸಿದರು. "ಹಾಗಾದ್ರೆ ಮರಿ ಇಲ್ಲ ಅಂತ ಕಳಿಸ್ಬಿಡ್ಲಾ ಮೇಡಂ? ಲಾರಿಯೋರು ಬೆಳಗಾದ್ರೆ ಆಫೀಸ್ ಬಾಗಿಲಲ್ಲಿ ಕೂತಿರ್ತಾರೆ."

ಡಾಕ್ಟ್ರಮ್ಮ ಕನ್ನಡಕ ತೆಗೆದು ಒರೆಸಿ, ಹೂಂ ಎನ್ನಲು ಬಾಯಿ ತೆರೆದರು.

"ಮರಿ ಇದಾವೆ" ಎಂದಳು ಊಳಮ್ಮ. ದನಿ ಅವಳದೇ ಎನಿಸಲಿಲ್ಲ. "ಇದಾವೆ ಮೇಡಂ. ನನಗೆ ಓಗೊಡ್ತಿಲ್ಲ ಅಷ್ಟೇ."

ಫೋನು ತೆಗೆದು, ಭಾವ ಮನೆಯವರಿಗೆಲ್ಲ ಕಳಿಸಿದ್ದ ವಿಡಿಯೋ ಹಚ್ಚಿದಳು. ಜೀಪಿನ ತುಂಬ ಮರಿಗಳ ಕೂಗು. ಅದರ ಮೇಲೆ ಅಕ್ಕನ "ಇನ್ನೊಂದೇ ಒಂದ್ಸಲ ಕಣೇ", ಭಾವನ ಚಪ್ಪಾಳೆ. ಎಲ್ಲಕ್ಕಿಂತ ಹತ್ತಿರದಲ್ಲಿ, ಎಲ್ಲಕ್ಕಿಂತ ಜೋರಾಗಿ, ಅವಳದೇ ನಗು. ನಿಲ್ಲಿಸಬೇಕೆಂದರೆ ಬೆರಳು ಮರಗಟ್ಟಿತ್ತು. ವಿಡಿಯೋ ಮುಗಿಯುವವರೆಗೆ ಮೂವರೂ ಆ ನಗುವನ್ನು ಕೇಳಿದರು.

ಸಾಹೇಬರೇ ಮೊದಲು ಮಾತಾಡಿದರು. "ಒಳ್ಳೆ ಮನೆಮಂದಿ ಜಾತ್ರೆ ಮಾಡಿದೀರಲ್ಲಮ್ಮ."

ಡಾಕ್ಟ್ರಮ್ಮ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಎಷ್ಟು ಸಲ ಕೂಗ್ದೆ?" ಎಂದು ಕೇಳಿದರು.

"ಅವು ಸುಮ್ಮನಾಗೋ ತನಕ."

ಅವರು ಕಿಟಕಿಯ ಕಡೆ ತಿರುಗಿದರು. ಊಳಮ್ಮ ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ ಹೆಂಗಸು ತಿರುಗಿ ನೋಡಲಿಲ್ಲ. ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದಳು ಹುಡುಗಿ. ಆದರೆ ಜೀಪಿನ ನೆಲ ತಗಡಿನದು.

ಫೋನಿನ ವಿಡಿಯೋ ತಮ್ಮ ಲೆಕ್ಕಕ್ಕೆ ಬರುವುದಿಲ್ಲ, ಯಾವ ಗುಡ್ಡ ಯಾವ ದಿನ ಎಂದು ಯಾರು ನಂಬುತ್ತಾರೆ, ಎಂದರು ಸಾಹೇಬರು. ಆದರೂ ಇಳಿಯುವಾಗ, "ನಾಳೆ ಸಂಜೆ ಇನ್ನೊಂದ್ಸಲ ಬರ್ತೀನಿ. ನನ್ನ ಕಿವಿಯಾರೆ ಕೇಳ್ಬೇಕು. ಅಷ್ಟೇ ನನ್ನ ಕೈಲಾಗೋದು" ಎಂದರು.

ಮರುದಿನ ಡಾಕ್ಟ್ರಮ್ಮ ಬಂಡೆಯ ಮೇಲೆ ಅವಳ ಕೈಗೆ ರೆಕಾರ್ಡರ್ ಕೊಟ್ಟು, "ನೀನು ಹಿಂದೆ ನಿಲ್ಲು" ಎಂದರು. ಬಹಳ ವರ್ಷಗಳಿಂದ ಊಳಿಟ್ಟವರಲ್ಲ. ಗಂಟಲು ಸರಿಮಾಡಿಕೊಂಡು, ಕಾಲು ಅಗಲಿಸಿ ನಿಂತು ಕೂಗಿದರು. ಅಯ್ಯೋ, ಅದೇ ತುಕ್ಕಿನ ಗೇಟು! ನಡುವೆ ಒಡೆದು, ಕೊನೆಯಲ್ಲಿ ಕೆಮ್ಮಾಯಿತು. ಸಾಹೇಬರು ನಗು ತಡೆಯಲು ಕರವಸ್ತ್ರ ಬಾಯಿಗೊತ್ತಿಕೊಂಡರು.

ಗುಡ್ಡ ಸುಮ್ಮನಿತ್ತು. ಹೊತ್ತು ಜಾರುತ್ತಿತ್ತು. ಹುಡುಗಿ ಅಜ್ಜಿಯನ್ನು ನೆನೆದಳು. ಕಥೆಯಲ್ಲಿ ಅಂಗಳಕ್ಕೆ ಬಂದ ಮಗುವನ್ನು ನೋಡಿ ದನಿಗಳ್ಳಿ ಏನು ಮಾಡುತ್ತಿದ್ದಳು ಎಂದು ತಾನೆಂದೂ ಕೇಳಿರಲಿಲ್ಲ. ಈಗ ಕೇಳಬೇಕಾಗಿಯೂ ಇರಲಿಲ್ಲ. ದನಿಗಳ್ಳಿ ನಗುತ್ತಿದ್ದಳು.

ಡಾಕ್ಟ್ರಮ್ಮ ಇನ್ನೊಮ್ಮೆ ಕೂಗಿದರು.

ಪೊದೆಸಾಲಿನಿಂದಲ್ಲ, ಅದರಾಚೆಯ ಕೊರಕಲಿನಿಂದ, ಬಹಳ ದೂರದಿಂದ, ಒಂದು ಎಳೆಯ ದನಿ ಅನುಮಾನಿಸುತ್ತಾ ಎದ್ದಿತು. ಅರ್ಧಕ್ಕೇ ನಿಂತಿತು. ಮತ್ತೊಂದು ಅದನ್ನು ಎತ್ತಿಕೊಂಡಿತು. ಆಮೇಲೆ ಎಲ್ಲವೂ ಒಟ್ಟಿಗೆ.

"ಕೇಳಿಸ್ತು ಮೇಡಂ, ಕೇಳಿಸ್ತು" ಎಂದ ಸಾಹೇಬರು ಕರವಸ್ತ್ರ ಜೇಬಿಗಿಟ್ಟರು. "ಗೇಟು ಮುಚ್ಚಿಸ್ತೀನಿ."

ಡಾಕ್ಟ್ರಮ್ಮ ತಿರುಗಿ, "ರೆಕಾರ್ಡ್ ಆಯ್ತೇನಮ್ಮ?" ಎಂದರು. ಊಳಮ್ಮ ಎಂದು ಕರೆಯಲಿಲ್ಲ.

ಅವಳು ತಲೆಯಾಡಿಸಿದಳು. ಎದೆಯೊಳಗಿಂದ ಒಂದು ಊಳು ತಾನಾಗಿ ಗಂಟಲಿಗೆ ಏರಿ ಬರುತ್ತಿತ್ತು, ಸಂತೋಷದ್ದೋ ಅಳುವಿನದೋ. ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದು, ಕಂಬಳಿಯೊಳಗಿನ ಆ ಹುಡುಗಿಯ ಹಾಗೆ, ಮರಿಗಳು ಕರೆದು ಮುಗಿಸುವವರೆಗೆ ನಿಂತೇ ಇದ್ದಳು.