ರೊಟ್ಟಿ ಮುಟ್ಟಿ ಹೇಳಿದ ಮಾತು

ಮಕ್ಕಳೆಲ್ಲ 'ಅಗಾಯ್' ಎಂದು ಕರೆಯುತ್ತಿದ್ದ ಮುಕಾಯ್ ಮೇಷ್ಟ್ರ ವಿಜ್ಞಾನದ ತರಗತಿ ನಡೆಯುತ್ತಿದ್ದದ್ದು ಬೆಟ್ಟದಲ್ಲಿ. ಅಲ್ಲಿ ಬಂಡೆಯ ಸಂದಿನಲ್ಲಿದ್ದ ಹದ್ದಿನ ಗೂಡನ್ನು ಮೊದಲು ಕಂಡವಳು ಬೂರುಲ್. ಮೇಷ್ಟ್ರು ರೊಟ್ಟಿ ಮುರಿದು ಎಲ್ಲರಿಗೂ ಹಂಚಿದರು.

"ರೊಟ್ಟಿ ಮುಟ್ಟಿ ಹೇಳ್ರೋ, ಈ ಗೂಡಿನ ಸುದ್ದಿ ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ. ಬೇಟೆಗಾರರಿಗೆ ಗೊತ್ತಾದ್ರೆ ಮರಿ ಕದ್ದು ಬೇಟೆಗೆ ಪಳಗಿಸ್ತಾರೆ."

ಎಲ್ಲರೂ ಆಣೆಯಿಟ್ಟು ತಿಂದರು, ಮೇಷ್ಟ್ರೂ ತಿಂದರು. ಆಮೇಲೆ ವಾರಗಟ್ಟಲೆ ಮರಿಯ ಊಟ, ರೆಕ್ಕೆ, ಕೂಗು ಎಲ್ಲವೂ ಪಾಠವಾಯಿತು. ಬೂರುಲ್ ಅದರ ಕೂಗನ್ನು ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದಳೆಂದರೆ ಮರಿಯೇ ತಿರುಗಿ ಕೂಗುತ್ತಿತ್ತು. "ನಿಮ್ಮಮ್ಮ ಮೊಟ್ಟೆಯಿಟ್ಟು ನಿನ್ನನ್ನ ಹೆತ್ತಳೇನೇ?" ಎಂದು ಮೇಷ್ಟ್ರು ನಗುತ್ತಿದ್ದರು.

ಒಂದು ದಿನ ಗೂಡು ಬರಿದಾಗಿತ್ತು. ಅಳುತ್ತ ಮೇಷ್ಟ್ರ ಮನೆಗೆ ಓಡಿದ ಬೂರುಲ್‌ಗೆ ಹಿತ್ತಿಲಿನಿಂದ ಕೀರಲು ದನಿ ಕೇಳಿಸಿತು.

"ಏನದು, ಅಗಾಯ್?"

"ಕೋಳಿ ಕಣಮ್ಮ."

ಬೂರುಲ್ ಹದ್ದಿನ ಮರಿಯಂತೆ ಕೂಗಿದಳು. ಹಿತ್ತಿಲಿನ 'ಕೋಳಿ' ಅದೇ ದನಿಯಲ್ಲಿ ಓಗೊಟ್ಟಿತು.

ಮೇಷ್ಟ್ರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಬೀಗರು ಬೇಟೆಯವರು. ಮರಿ ಬೇಕೂಂತ ಬಾಯಿಬಿಟ್ಟು ಕೇಳಿದ್ರು. ಮಗಳ್ನ ಕೊಟ್ಟ ಮನೆ ಕಣಮ್ಮ, ಇಲ್ಲ ಅನ್ನೋಕಾಗುತ್ತಾ? ನಾಳೆ ಬಂದು ಒಯ್ತಾರೆ."

"ನೀವೂ ರೊಟ್ಟಿ ತಿಂದಿದ್ರಿ, ಅಗಾಯ್."

ಮೇಷ್ಟ್ರು ಟೋಪಿಯನ್ನು ಮತ್ತೆ ತಲೆಗಿಟ್ಟು ಹಿತ್ತಿಲಿನ ಬಾಗಿಲು ಮುಚ್ಚಿದರು.

ಮುಂದಿನ ವಾರ ಮತ್ತೆ ಬೆಟ್ಟದ ಪಾಠ. ಆ ವೇಳೆಗೆ ಹಿತ್ತಿಲಿನ 'ಕೋಳಿ'ಯ ಸುದ್ದಿ ಮಕ್ಕಳಿಗೆಲ್ಲ ಗೊತ್ತಾಗಿತ್ತು. ಎದುರು ಬಂಡೆಯ ಬಿರುಕಿನೊಳಕ್ಕೆ ಗಿಡುಗವೊಂದು ಮರಿಗಳಿಗೆ ಇಲಿ ಹಿಡಿದುಕೊಂಡು ಹೋದದ್ದನ್ನು ಮಕ್ಕಳೆಲ್ಲ ನೋಡಿದರು. ಅಷ್ಟರಲ್ಲಿ ಏದುಸಿರು ಬಿಡುತ್ತ ಮೇಲೆ ಬಂದ ಮೇಷ್ಟ್ರು, "ಏನೇನು ಕಂಡಿತ್ರೋ?" ಎಂದು ಎಂದಿನ ಉತ್ಸಾಹದಲ್ಲಿ ಕೇಳಿದರು.

"ಕಲ್ಲು, ಅಗಾಯ್," ಎಂದಳು ಬೂರುಲ್.

"ಬರೀ ಕಲ್ಲು," ಎಂದರು ಉಳಿದವರು.