ನದಿಯಾಚೆ ಎಂದೆ

ನಮ್ಮೂರಲ್ಲಿ ಕಾಡಿನಿಂದ ಬಂದವನಿಗೆ ಮೊದಲು ಒಂದು ಚೊಂಬು ನೀರು ಕೊಡುತ್ತಾರೆ, ಆಮೇಲೆ ಸುದ್ದಿ ಕೇಳುತ್ತಾರೆ. ಕರಡಿ ಯಾವ ಹುತ್ತ ಕೆದರಿದೆ, ಹುಲಿ ಯಾವ ದಾರಿ ಹಿಡಿದಿದೆ, ಕಾಟಿಗಳ ಹಿಂಡು ಎಲ್ಲಿದೆ, ಇಂಥ ಸುದ್ದಿ. ನೀರು ಕುಡಿದವನು ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ನಾಳೆ ದನ ಎತ್ತ ಹೊಡೆಯುವುದು, ಸೌದೆಗೆ ಎತ್ತ ಹೋಗುವುದು ಎಂಬುದೆಲ್ಲ ಆ ಮಾತಿನ ಮೇಲೆಯೇ ತೀರ್ಮಾನವಾಗುತ್ತದೆ. ನಮ್ಮಪ್ಪ ಹಾಗೆ ಹೇಳುತ್ತಿದ್ದ. ಅವನಪ್ಪನೂ ಹೇಳುತ್ತಿದ್ದ.

ನಮ್ಮ ಮನೆಯಲ್ಲಿ ಚೊಂಬು ಹಿಡಿದು ನಿಲ್ಲುತ್ತಿದ್ದವಳು ನಮ್ಮ ಅತ್ತಿಗೆ ಫಗನಿ. ನನಗೆ ಐದು ವರ್ಷವಿದ್ದಾಗ ಅವ್ವ ಜ್ವರದಲ್ಲಿ ಹೋದಳು. ಅದೇ ವರ್ಷ ಅಣ್ಣ ಸುಕ್ಲು ಮದುವೆಯಾಗಿ ಅವಳನ್ನು ಕರೆತಂದ. ಅವರಿಗೆ ಮಕ್ಕಳಾಗಲಿಲ್ಲ. ನನ್ನ ತಲೆಯ ಹೇನು ಹೆಕ್ಕಿದ್ದು, ಶಾಲೆಗೆ ಅಟ್ಟಿದ್ದು, ತಪ್ಪಿಸಿಕೊಂಡು ಬಿದಿರು ಮೆಳೆಯಲ್ಲಿ ಅಡಗಿದಾಗ ಕಿವಿ ಹಿಂಡಿ ಎಳೆತಂದದ್ದು ಎಲ್ಲ ಅವಳೇ. ನಾನು ಪ್ರವಾಸಿಗರಿಗೆ ಹುಲಿ ತೋರಿಸುವ ಗೈಡ್ ಆಗಿ ಮೊದಲ ಸಲ ಖಾಕಿ ಅಂಗಿ ತೊಟ್ಟ ದಿನ ಕೇರಿಯವರೆಲ್ಲ ಕೇಳುವ ಹಾಗೆ ಕೂಗಿದಳು.

"ನೋಡ್ರೇ, ನಮ್ಮ ತಿಹರ್ ಬಾಬೂನ! ಹುಲಿ ಅಂದ್ರೆ ಚಡ್ಡೀಲೇ ಹೊಯ್ಕೊತಿದ್ದೋನು, ಈಗ ಊರೋರಿಗೆಲ್ಲ ಹುಲಿ ತೋರ್ಸಕ್ಕೆ ಹೊಂಟವ್ನೆ!"

"ಭೌಜಿ, ಸುಮ್ನಿರು ಸಾಕು," ಎಂದೆ ಅತ್ತಿಗೆಗೆ.

"ಯಾಕ್ ಸುಮ್ನಿರ್ಲಿ? ಆ ಚಡ್ಡಿ ಒಗ್ದೋಳು ನಾನು."

ನನ್ನನ್ನು ಕೆಲಸಕ್ಕೆ ಕರೆಯುವವರು ಪುಣೆಯ ವಿಭಾ ದೀದಿ. ಒಂದು ಸಲಕ್ಕೆ ನಾಲ್ಕೇ ಜನರನ್ನು ಕರೆತರುತ್ತಾರೆ, ಒಂದೇ ಜೀಪು. ಉಳಿದ ಜೀಪುಗಳ ಹಾಗೆ ಹುಲಿಯ ಹಿಂದೆ ಓಡುವುದಿಲ್ಲ. ಹುಲಿ ದಾರಿ ದಾಟುವಾಗ ಅಡ್ಡ ನಿಲ್ಲಿಸಬಾರದು, ಅದು ಕಿವಿ ಹಿಂದಕ್ಕೆ ಮಡಚಿದರೆ ನಾವು ಹಿಂದೆ ಸರಿಯಬೇಕು, ಊಟ ನಮ್ಮೂರಿನ ಒಂದು ಮನೆಯಲ್ಲೇ ಆಗಬೇಕು. ಇವೆಲ್ಲ ಅವರು ಪುಣೆಯಿಂದಲೇ ತಂದ ನಿಯಮಗಳು. ಮರಿಗಳಿರುವ ಹುಲಿ ಎಲ್ಲಿದೆ ಎಂದು ಯಾರಿಗೂ ಹೇಳಬಾರದು ಎಂಬ ಇನ್ನೊಂದು ನಿಯಮ ಮಾತ್ರ ನನ್ನಿಂದಾಗಿ ಬಂದದ್ದು.

ಮೂರು ವರ್ಷದ ಹಿಂದೆ ಗೇಟಿನ ಚಹಾದಂಗಡಿಯಲ್ಲಿ ಕೂತು, ಚೂಡಿ ಮರಿ ಹಾಕಿದ್ದಾಳೆ, ಇಂಥ ಕೆರೆಯ ಹತ್ತಿರ ಇಟ್ಟಿದ್ದಾಳೆ ಎಂದು ನಾನು ಜಂಬ ಕೊಚ್ಚಿದ್ದೆ. ಚೂಡಿ, ಅಂದರೆ ಬಳೆ, ಎಂಬುದು ಆ ಹುಲಿಗೆ ನಾವಿಟ್ಟ ಹೆಸರು. ಅವಳ ಮುಂಗಾಲಿನ ಒಳಬದಿಗೆ ಬಳೆಯಂಥ ಎರಡು ಪಟ್ಟೆಗಳಿವೆ. ಮರುದಿನ ಬೆಳಿಗ್ಗೆ ಆ ಕೆರೆಯ ಸುತ್ತ ಇಪ್ಪತ್ತೆರಡು ಜೀಪು. ಗಾಬರಿಯಾದ ಚೂಡಿ ಹಾಡಹಗಲೇ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಸಾಗಿಸಿದಳು. ಅಲ್ಲಿ ಒಂದು ಗಂಡು ಹುಲಿ ಎರಡೂ ಮರಿಗಳನ್ನು ಕೊಂದು ಹಾಕಿತು. ದೀದಿ ಬೈಯಲಿಲ್ಲ. "ತಿಹರ್ ಭಾಯಿ, ಇನ್ಮೇಲೆ ಯಾರಿಗೂ ಬೇಡ. ಯಾರಿಗೂ," ಎಂದರು, ಅಷ್ಟೇ. ನಾನು ಊರದೇವರ ಕಲ್ಲು ಮುಟ್ಟಿ ಆಣೆ ಮಾಡಿದೆ.

ಈ ಏಪ್ರಿಲ್‌ನಲ್ಲಿ ಚೂಡಿ ಮತ್ತೆ ಮರಿ ಹಾಕಿದಳು. ಅದನ್ನು ಮೊದಲು ಕಂಡದ್ದು ನಾವೇ. ಸಂಜೆ ಊರ ಕಡೆಯ ಅಂಚಿನ ಕಾಡಿನಲ್ಲಿ ನಿಧಾನಕ್ಕೆ ಬರುತ್ತಿದ್ದೆವು. ಉಮರ್ ಹಳ್ಳದ ತಿರುವಿನಲ್ಲಿ ಜೀಪು ಓಡಿಸುವ ಜಲೀಲ್ ಭಾಯಿ ಸದ್ದಿಲ್ಲದೆ ಎಂಜಿನ್ ಆರಿಸಿದ. ಹಳ್ಳದ ದಂಡೆಯ ಬಂಡೆಯ ಮೇಲೆ ಚೂಡಿ ಮಲಗಿದ್ದಳು. ಅವಳ ಹೊಟ್ಟೆಯ ಮೇಲೆ ಮೂರು ಮರಿಗಳು ಒಂದರ ಮೇಲೊಂದು ಹತ್ತಿ ಬೀಳುತ್ತಿದ್ದವು. ನಾಗಪುರದಿಂದ ಬಂದಿದ್ದ ನಿವೃತ್ತ ಟೀಚರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಐದು ನಿಮಿಷಕ್ಕೆ ದೀದಿ ಕೈಸನ್ನೆ ಮಾಡಿದರು. ಜೀಪು ಹಿಂದೆ ಸರಿಯಿತು.

"ಏನಪ್ಪಾ ಗೈಡ್ ಸಾಹೇಬ, ಬಾಯಿಗೆ ಬೀಗ ಹಾಕ್ಕೊಂಡ್ಯಾ?" ಎಂದ ಜಲೀಲ್ ಭಾಯಿ.

"ಹಾಕ್ಕೊಂಡೆ. ನೀನು?"

"ನಂದಾ? ನಂಗೆ ಮನೇಲಿ ಬಾಯಿ ತೆಗ್ಯಕ್ಕೆ ಎಲ್ಲಿ ಬಿಡ್ತಾಳೆ ನನ್ನ ಹೆಂಡ್ತಿ!"

ಆ ನಗುವಿನಲ್ಲೇ ಮನೆಗೆ ಬಂದೆ. ಅಂಗಳದಲ್ಲಿ ಅಣ್ಣನ ಜೊತೆ ಮೂರು ಜನ ಕೂತಿದ್ದರು. ಅವರಲ್ಲಿ ಒಬ್ಬ ಗೇಟಿನ ಚಹಾದಂಗಡಿಯವನು. ಅತ್ತಿಗೆ ಚೊಂಬು ತಂದು ಕೊಟ್ಟಳು. ನಾನು ಕುಡಿದೆ.

"ಎಲ್ಲವ್ಳೆ ನಿನ್ನ ಬಳೆಗಾತಿ?" ಎಂದು ಕೇಳಿದಳು.

ಚಹಾದಂಗಡಿಯವನು ಬೀಡಿಯನ್ನು ಬಾಯಿಂದ ತೆಗೆದು ನನ್ನ ಕಡೆ ತಿರುಗಿದ.

"ನದಿಯಾಚೆ," ಎಂದೆ. "ಎರಡು ದಿನದಿಂದ ಆಚೇನೇ ಇದಾಳೆ."

"ಹೋಗ್ಲಿ ಬಿಡು, ಈ ಕಡೆ ಹಾಯಾಗಿ ಓಡಾಡ್ಬೋದು."

ನೀರು ಕುಡಿದು ಸುಳ್ಳು ಹೇಳಿದ್ದು ಅದೇ ಮೊದಲು. ಆಮೇಲೆ ಒಳಗೆ ಹೋಗಿ ಅವಳ ಕಿವಿಯಲ್ಲಿ ನಿಜ ಹೇಳಬಹುದಿತ್ತು. ಅವಳು ಹಿಪ್ಪೆ ಹೂವು ಆರಿಸಲು ಹೋಗುವುದು ಮನೆಯ ಹಿಂದಿನ ಮರಗಳಿಗೆ, ಹಳ್ಳಕ್ಕಲ್ಲವಲ್ಲ ಎಂದುಕೊಂಡೆ. ಹಸಿವಾಗಿತ್ತು, ಉಂಡೆ. ನಿದ್ದೆ ಬಂತು, ಮಲಗಿದೆ.

ಅವಳ ಮನಸ್ಸಿನಲ್ಲಿ ಏನಿತ್ತು ಎಂದು ನನಗೆ ಗೊತ್ತಾದದ್ದು ತಡವಾಗಿ. ಮರುದಿನ ದೀದಿಯ ನಾಲ್ವರಿಗೂ ನಮ್ಮ ಮನೆಯಲ್ಲೇ ಊಟ ಎಂದು ನಿಗದಿಯಾಗಿತ್ತು. ಹಾರಕದ ಅನ್ನ, ಸೊಪ್ಪಿನ ಪಲ್ಯ, ಅವಳ ಕೈಯ ಹಿಪ್ಪೆ ಲಾಡು. ಮನೆಯ ಹಿಂದಿನ ಮರಗಳು ಈ ವರ್ಷ ಸರಿಯಾಗಿ ಹೂ ಉದುರಿಸಿರಲಿಲ್ಲ. ಊರನ್ನು ಕಾಡಿನೊಳಗಿಂದ ಎಬ್ಬಿಸಿ ಇತ್ತ ತರುವ ಮೊದಲು ನಮ್ಮ ಹೊಲವಿದ್ದ ಜಾಗದಲ್ಲಿ, ಉಮರ್ ಹಳ್ಳದ ದಂಡೆಯಲ್ಲಿ, ನಮ್ಮವೇ ಮೂರು ಹಿಪ್ಪೆ ಮರಗಳು ಉಳಿದಿವೆ. ದೂರವೆಂದು ಯಾರೂ ಹೋಗುವುದಿಲ್ಲ. ಹುಲಿ ನದಿಯಾಚೆ ಇದೆಯಲ್ಲ ಎಂದು ಅವಳು ಬೆಳಕು ಹರಿಯುತ್ತಲೇ ಬುಟ್ಟಿ ಎತ್ತಿಕೊಂಡು ಆ ಕಡೆ ನಡೆದಿದ್ದಳು.

ಚೂಡಿಯನ್ನು ಅವಳ ಪಾಡಿಗೆ ಬಿಡೋಣ ಎಂದು ದೀದಿ ಹೇಳಿದ್ದರಿಂದ ಆ ಬೆಳಿಗ್ಗೆ ನಾವು ಹಳ್ಳದಿಂದ ದೂರ, ಹುಲ್ಲುಗಾವಲಿನ ಅಂಚಿನಲ್ಲಿ ಜೀಪು ನಿಲ್ಲಿಸಿದ್ದೆವು. ಆರೂವರೆ ಇರಬಹುದು. ಹಳ್ಳದ ಕಡೆಯಿಂದ ಮುಸುವವೊಂದು ಕೆಮ್ಮಿದಂತೆ ಕೂಗಿತು. ಹಿಂದೆಯೇ ಜಿಂಕೆಯ ಕೂಗು, ಒಂದಲ್ಲ, ಮೇಲಿಂದ ಮೇಲೆ.

ಟೀಚರಮ್ಮ ನನ್ನ ಮುಖ ನೋಡಿದರು. "ಏನದು?"

"ಚೂಡಿ ಎದ್ದಳಮ್ಮಾ," ಎಂದೆ. ನನಗೆ ಖುಷಿಯಾಗಿತ್ತು. "ಮುಸುವ ಮರದ ಮೇಲಿಂದ ನೋಡ್ತಾ ಇದೆ, ಎಲ್ಲರಿಗೂ ಹೇಳ್ತಾ ಇದೆ. ಈಗ ಅವಳು ನಡೀತಿದಾಳೆ. ಕೇಳಿ, ಜಿಂಕೆ ಕೂಗೋ ಜಾಗ ಬದಲಾಯ್ತು."

ನಾಲ್ವರೂ ಉಸಿರು ಬಿಗಿಹಿಡಿದು ಆಲಿಸಿದರು. ದೀದಿ ಕಣ್ಣು ಮುಚ್ಚಿ ನಗುತ್ತಿದ್ದರು. ಆಮೇಲೆ ಎಲ್ಲ ಕೂಗೂ ಒಮ್ಮೆಲೇ ನಿಂತಿತು.

"ಯಾಕೆ ನಿಂತ್ಹೋಯ್ತು?"

"ಕೆಲಸ ಮುಗೀತು. ಕೂತ್ಕೊಂಡ್ಳು," ಎಂದೆ.

ಆ ಮಾತನ್ನು ಈ ಬಾಯಿಂದಲೇ ಆಡಿದೆ.

ಹತ್ತು ಗಂಟೆಗೆ ಗೇಟಿಗೆ ಬಂದಾಗ ಊರವರು ನಿಂತಿದ್ದರು. ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಜಲೀಲ್ ಭಾಯಿ ಮೊದಲು ಇಳಿದು ಹೋಗಿ ಕೇಳಿ ಬಂದ. ಬಂದವನು ಜೀಪಿನ ಬಾಗಿಲು ಹಿಡಿದು ನಿಂತ. ಅವನ ಮುಖ ನೋಡಿಯೇ ನಾನು ಅಣ್ಣನನ್ನು ಹುಡುಕಿದೆ. ಅಣ್ಣ ನೆಲದ ಮೇಲೆ ಕೂತಿದ್ದ. ಅವನ ಪಕ್ಕದಲ್ಲಿ ಬುಟ್ಟಿ ಇತ್ತು, ಅರ್ಧ ತುಂಬಿತ್ತು.

ಅವಳು ಬಗ್ಗಿ ಹೂ ಆರಿಸುತ್ತಿದ್ದಳಂತೆ. ಬಗ್ಗಿದ ಮನುಷ್ಯ ಹುಲಿಯ ಕಣ್ಣಿಗೆ ಮನುಷ್ಯನ ಹಾಗೆ ಕಾಣುವುದಿಲ್ಲ. ಅದರ ಮೇಲೆ ಮರಿಗಳು ಅಲ್ಲೇ ಇದ್ದವು. ಒಂದೇ ಏಟು, ತಿನ್ನಲಿಲ್ಲ. ಕಾಡಿನ ಅಧಿಕಾರಿಗಳು ಹೆಜ್ಜೆ ಗುರುತು ನೋಡಿ ಇದನ್ನೆಲ್ಲ ಹೇಳಿದರು. ಹುಲಿಯನ್ನು ಹಿಡಿದು ಒಯ್ಯಬೇಕೇ ಎಂದು ಊರವರನ್ನು ಕೇಳಿದಾಗ ಅಣ್ಣನೇ ಬೇಡವೆಂದ.

"ಮಕ್ಳಿರೋಳು ಸಾರ್. ಅವ್ಳೇನ್ ಮಾಡ್ತಾಳೆ."

ಆ ದಿನಗಳಲ್ಲಿ ಅಣ್ಣ ಮಾತು ಮಾತಿಗೂ ನನ್ನನ್ನೇ ಸಮಾಧಾನ ಮಾಡುತ್ತಿದ್ದ. "ನೀನ್ಯಾಕ್ಲಾ ಉಪವಾಸ ಕೂತಿ? ತಿನ್ನು. ಅವ್ಳಿದ್ದಿದ್ರೆ ನಿನ್ನ ಸುಮ್ನೆ ಬಿಡ್ತಿದ್ಲಾ? ನದಿಯಾಚೆ ಇದ್ದ ಹುಲಿ ರಾತ್ರಿ ದಾಟಿ ಬಂದ್ರೆ ನಿಂಗೆ ಹ್ಯಾಗ್ ಗೊತ್ತಾಗ್ಬೇಕು?" ಎಂದು ತುತ್ತು ಕಲಸಿ ನನ್ನ ಮುಂದೆ ಹಿಡಿಯುತ್ತಿದ್ದ. ನಾನು ತಿಂದೆ. ಆ ಅನ್ನವನ್ನು ಹೇಗೆ ತಿಂದೆನೋ ನನಗೆ ಗೊತ್ತಿಲ್ಲ.

ಆರನೆಯ ದಿನ ದೀದಿ ಒಬ್ಬರೇ ಬಂದರು. ಬೇಲಿಯ ಹತ್ತಿರ ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಬೇಲಿಯ ಗೂಟ ಹಿಡಿದುಕೊಂಡರು.

"ಯಾರಿಗೂ ಬೇಡ ಅಂದಾಗ ನಾನು ಜೀಪುಗಳನ್ನ ಮಾತ್ರ ಯೋಚಿಸಿದ್ದೆ ತಿಹರ್ ಭಾಯಿ. ಈ ಮನೆ ನನ್ನ ತಲೇಲಿ ಬರ್ಲೇ ಇಲ್ಲ."

"ನನ್ನ ತಲೇಲೂ ಬರ್ಲಿಲ್ಲ ದೀದಿ. ನಾನು ಇದೇ ಮನೇಲಿ ಬೆಳ್ದೋನು."

"ನಾನೇ ಹೇಳ್ತೀನಿ ನಿಮ್ಮ ಅಣ್ಣನಿಗೆ. ನಿಯಮ ನಂದು ಅಂತ."

"ಬೇಡ. ಕೇಳಿದ್ದು ಅವಳು, ಹೇಳಿದ್ದು ನಾನು."

ಹಾಗೆಂದೆನೇ ಹೊರತು ಅಣ್ಣನ ಮುಂದೆ ಬಾಯಿ ತೆರೆಯಲು ನನಗೆ ಧೈರ್ಯ ಬರಲಿಲ್ಲ. ತಾಯಿಯಂಥವಳು ಹೋಗಿದ್ದಳು, ಇನ್ನು ಉಳಿದದ್ದು ಅವನೊಬ್ಬನೇ. ಸುಮ್ಮನಿದ್ದರೆ ಅವನಾದರೂ ಉಳಿಯುತ್ತಾನೆ ಎಂದು ದಿನ ದೂಡಿದೆ.

ಹತ್ತನೆಯ ದಿನ ಅವಳನ್ನು ಹಿರಿಯರ ಜೊತೆ ಸೇರಿಸುವ ಕಾರ್ಯ. ಅಂಗಳದಲ್ಲಿ ಕಂಚಿನ ಬಟ್ಟಲಲ್ಲಿ ನೀರು ಇಡುತ್ತಾರೆ. ನಂಟರು ಒಬ್ಬೊಬ್ಬರಾಗಿ ಒಂದೊಂದು ಅಕ್ಕಿಕಾಳು ಬಿಡುತ್ತಾರೆ, ಪೂಜಾರಿ ಸತ್ತವರ ಹೆಸರು ಕೂಗಿ ಕರೆಯುತ್ತಾನೆ. ಆದರೆ ಹುಲಿಯಿಂದ ಸತ್ತವರ ವಿಷಯದಲ್ಲಿ ನಮ್ಮೂರಿನ ಪದ್ಧತಿ ಬೇರೆ. ಹುಲಿ ಸುಮ್ಮಸುಮ್ಮನೆ ಮುಟ್ಟುವುದಿಲ್ಲ, ಸತ್ತವರು ಏನೋ ತಪ್ಪು ಮಾಡಿರಬೇಕು ಎನ್ನುತ್ತಾರೆ. ತಪ್ಪು ಅವರದ್ದಲ್ಲವೆಂದು ಯಾರಾದರೂ ಎದ್ದು ಹೇಳದಿದ್ದರೆ ಅವರ ಹೆಸರನ್ನು ಹಿರಿಯರ ಸಾಲಿಗೆ ಸೇರಿಸುವುದಿಲ್ಲ. ಹಬ್ಬಕ್ಕೆ ಅವರ ಹೆಸರಲ್ಲಿ ಒಂದು ಎಲೆ ಅನ್ನವನ್ನೂ ಇಡುವಂತಿಲ್ಲ.

ಪೂಜಾರಿ ಝಾಮ್ ಸಿಂಗ್ ಅಜ್ಜ ಕೇಳಿದ, "ಫಗನಿ ಏನ್ ತಪ್ಪು ಮಾಡಿದ್ಲು? ಯಾರಿಗಾರ ಗೊತ್ತಾ?"

ಹೆಂಗಸರ ಗುಂಪಿನಿಂದ ಯಾರೋ ಅಂದರು, "ಬಾಯಿ ಜೋರು ಅವ್ಳದು. ಹುಲೀನ ಬಳೆಗಾತಿ ಅಂತ ಆಡ್ಕೊತಿದ್ಲು."

"ಕಾಡಮ್ಮನಿಗೆ ಕಾಯಿ ಒಡೀದೆ ಹೂವಾರ್ಸಕ್ಕೆ ಹೋದ್ಲಂತೆ."

"ಹೌದೌದು, ಆ ಮರಗಳ ಹತ್ರ ಹೋಗ್ಬಾರ್ದಿತ್ತು."

ಅಣ್ಣ ತಲೆ ತಗ್ಗಿಸಿ ಕೂತಿದ್ದ. ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದ ಹಾಗೆ ಅವನ ಬೆನ್ನು ಇನ್ನಷ್ಟು ಬಾಗುತ್ತಿತ್ತು. ಮೂವತ್ತು ವರ್ಷ ಬಾಳಿದ ಹೆಂಡತಿಯನ್ನು ಊರ ಮುಂದೆ ತಪ್ಪಿತಸ್ಥೆ ಮಾಡುತ್ತಿದ್ದರು. ಎದುರಾಡಲು ಅವನ ಹತ್ತಿರ ಒಂದು ಮಾತೂ ಇರಲಿಲ್ಲ. ಆ ಮಾತು ಇದ್ದದ್ದು ನನ್ನ ಹತ್ತಿರ.

ಎದ್ದು ನಿಂತೆ.

"ತಪ್ಪು ಅವಳದಲ್ಲ ಅಜ್ಜಾ. ಹುಲಿ ಉಮರ್ ಹಳ್ಳದಲ್ಲಿ ಮರಿ ಇಟ್ಕೊಂಡಿದ್ದನ್ನ ಹಿಂದಿನ ಸಂಜೆ ನಾನೇ ಕಂಡಿದ್ದೆ."

ಅಣ್ಣ ನಿಧಾನವಾಗಿ ತಲೆ ಎತ್ತಿದ.

"ಏನಂದಿ?"

"ಕಂಡಿದ್ದೆ ಭಯ್ಯಾ. ಮೂರು ಮರಿ."

"ಅವ್ಳು ಕೇಳಿದ್ಲಲ್ಲ. ನನ್ನೆದುರ್ಗೇ ಕೇಳಿದ್ಲಲ್ಲ, ಚೊಂಬು ಹಿಡ್ಕೊಂಡು."

"ಕೇಳಿದ್ಲು."

"ನೀನು ನದಿಯಾಚೆ ಅಂದಿ."

"ಅಂದೆ. ಮತ್ತೆ ಜೀಪು ಮುತ್ಕೊಂತಾವೆ, ಮರಿ ಸಾಯ್ತಾವೆ ಅಂತ..."

"ಮರಿ," ಎಂದ ಅಣ್ಣ. ಆ ಒಂದು ಮಾತನ್ನೇ ಇನ್ನೊಂದು ಸಲ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ, ಎದ್ದು ಬಂದು ಹೊಡೆದಿದ್ದರೆ, ನಾನು ಅವನ ಕಾಲು ಹಿಡಿದುಕೊಂಡು ಅಲ್ಲೇ ಬಿದ್ದಿರುತ್ತಿದ್ದೆ.

ಝಾಮ್ ಸಿಂಗ್ ಅಜ್ಜ ಫಗನಿಯ ತಪ್ಪಿಲ್ಲ ಎಂದು ಮೂರು ಸಲ ಊರಿಗೆ ಕೇಳುವ ಹಾಗೆ ಹೇಳಿದ. ಅಕ್ಕಿಕಾಳು ಬಿಡಲು ನಂಟರನ್ನು ಕರೆಯತೊಡಗಿದ. ಮೊದಲು ಗಂಡ, ಆಮೇಲೆ ಅವಳ ತಮ್ಮ, ತಂಗಿಯರು. ನಮ್ಮಲ್ಲಿ ಮಕ್ಕಳಿಲ್ಲದವಳಿಗೆ ಮಗನ ಕಾಳನ್ನು ಮೈದುನ ಬಿಡಬೇಕು.

"ಮೈದುನ ಬಾ," ಎಂದು ಕರೆದ.

ನಾನು ಹೆಜ್ಜೆ ಎತ್ತಿದೆ. ಅಣ್ಣ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದ.

"ಅವ್ಳಿಗೆ ಮೈದುನ ಇಲ್ಲ," ಎಂದ.

ಅಜ್ಜ ನನ್ನ ಮುಖ ನೋಡಿದ, ಅಣ್ಣನ ಮುಖ ನೋಡಿದ, ಮುಂದಿನವರನ್ನು ಕರೆದ. ನಾನು ಹಿಂದಕ್ಕೆ ಸರಿದು ಬೇಲಿ ದಾಟಿ ಹೊರಗೆ ನಿಂತೆ. ಒಳಗೆ ಅವಳ ಹೆಸರನ್ನು ಕೂಗಿದರು, ನಮ್ಮಪ್ಪನ ಹೆಸರಿನ ಜೊತೆ, ನಮ್ಮವ್ವನ ಹೆಸರಿನ ಜೊತೆ. ಈ ಸಲ ಯಾವ ಹೆಂಗಸೂ ಅಡ್ಡಮಾತು ಆಡಲಿಲ್ಲ. ಬಿಸಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡೆ.