ಟೈಲರಕ್ಕ ಕೈ ಕೊಟ್ಟ ಫೋಟೋ

ಎಲ್ಲಿಂದ ಶುರು ಮಾಡಲಿ? ಫೋಟೋ ಸಿಕ್ಕ ಬೀರುವಿನಿಂದಲೇ? ಬೀರುವಿನಿಂದ ಶುರುವಾಗುವ ಕಥೆಗಳಿಗೆ ಜಿರಳೆ ವಾಸನೆ. ಬೇಡ, ಅತ್ತೆಯಿಂದಲೇ ಶುರು ಮಾಡೋಣ.

೧. ಅತ್ತೆ ಅಂದರೆ ಅಪ್ಪನ ತಂಗಿ. ನಗರಸಭೆಯ ಅಧ್ಯಕ್ಷರಾಗಿದ್ದು, ರಾಜಕೀಯ ಸಾಕೆಂದು ಮನೆಗೆ ಬಂದವರು, ಆತ್ಮಕಥೆ ಬರೆದುಕೊಡು ಎಂದು ನನಗೆ ಗಂಟುಬಿದ್ದಿದ್ದಾರೆ. ಮೊನ್ನೆ ಅವರ ಮೊದಲ ಚುನಾವಣೆಯ ಫೋಟೋ ಸಿಕ್ಕಿತು. ರಸ್ತೆ ತಿರುವಿನಲ್ಲಿ ಸ್ಟೂಲಿನ ಮೇಲೆ ನಿಂತು ಮೈಕು ಹಿಡಿದ ಹುಡುಗಿ. ಪಕ್ಕದಲ್ಲಿ, ಹೆಗಲಿಗೆ ಅಳತೆ ಟೇಪು ಹಾಕಿಕೊಂಡ ಹೆಂಗಸು, ಅರ್ಧ ಮಾತ್ರ ಫೋಟೋದೊಳಗೆ. ಯಾರಿದು ಎಂದೆ. ಅತ್ತೆ ಕಣ್ಣು ತುಂಬಿಕೊಂಡು, "ಟೈಲರಕ್ಕ. ಅವತ್ತು ಕೈ ಕೊಟ್ಟಳು" ಅಂದರು.

೨. ನನಗಷ್ಟೇ ಸಾಕಿತ್ತು. ಟೈಲರಕ್ಕನನ್ನು ಎದುರು ಪಾರ್ಟಿಗೆ ಹಾರಿಸಿ ಒಂದು ಅಧ್ಯಾಯ ಬರೆದು ಪ್ರೆಸ್ಸಿಗೂ ಕಳಿಸಿಬಿಟ್ಟೆ. (ಅಳತೆ ಟೇಪನ್ನು ಹಾವು ಎಂದೂ ಬರೆದಿದ್ದೆ. ನಗಬೇಡಿ, ಆಗ ಚೆನ್ನಾಗಿಯೇ ಕಂಡಿತ್ತು.)

೩. ಪ್ರೂಫ್ ಓದಿದ ಅತ್ತೆ ಕನ್ನಡಕ ತೆಗೆದಿಟ್ಟರು.

"ಏನೋ ಇದು? ಸ್ಟೂಲು ಅಲ್ಲಾಡ್ತಿತ್ತು, ನನ್ನ ಕಾಲು ನಡುಗ್ತಿತ್ತು. ಹಿಡ್ಕೋ ಅಂತ ಕೈ ಕೊಟ್ಟಳು ಕಣೋ. ಭಾಷಣ ಮುಗಿಯೋವರೆಗೂ ಬಿಡಲಿಲ್ಲ."

ಫೋಟೋ ಮತ್ತೆ ನೋಡಿದೆ. ಹೌದು, ಸೆರಗಿನ ಮರೆಯಲ್ಲಿ ಎರಡು ಕೈ ಒಂದನ್ನೊಂದು ಬಿಗಿಯಾಗಿ ಹಿಡಿದಿವೆ. ಪ್ರೆಸ್ಸಿಗೆ ಫೋನ್ ಮಾಡಿ ಅಧ್ಯಾಯ ತಡೆದೆ. ಟೈಲರಕ್ಕ ಬದುಕಿದ್ದಾಳೆ, ಅದೇ ರಸ್ತೆಯಲ್ಲಿ ಅಂಗಡಿ ಇದೆ, ಕನ್ನಡಕ ಹಾಕಿಕೊಂಡು ಪೇಪರೂ ಓದುತ್ತಾಳೆ ಎಂದು ಅತ್ತೆ ಬೈದರು. ಬೈಯುತ್ತಾ ಬೈಯುತ್ತಾ ಸಪ್ಪಗಾದರು. ಪ್ರತಿ ಭಾಷಣದಲ್ಲೂ ಒಂಟಿಯಾಗಿ ನಿಂತೆ, ಒಂಟಿಯಾಗಿ ಗೆದ್ದೆ ಎಂದವರು ಅವರೇ. ಊರಿಗೆಲ್ಲ ಧನ್ಯವಾದ ಹೇಳಿದ್ದರು, ಅವಳೊಬ್ಬಳನ್ನು ಬಿಟ್ಟು.

೪. ಹಾಗಾದರೆ ಅಂತ್ಯ?

(ಕ) ಅಂಗಡಿಗೆ ಬೀಗ, ಟೈಲರಕ್ಕ ನಿನ್ನೆಯಷ್ಟೇ ತೀರಿಕೊಂಡಳು. ಅಪಶಕುನ ನುಡಿಯಬೇಡ ಎಂದು ಅತ್ತೆ ಹೊಡೆದುಹಾಕಿದರು.

(ಖ) ಟೈಲರಕ್ಕನಿಗೆ ಏನೂ ನೆನಪಿಲ್ಲ. "ಇಲ್ದಿದ್ರೆ ನಾನು ನೆನಪು ಮಾಡಿಕೊಡ್ತೀನಿ. ಗಾಡಿ ತೆಗಿ" ಎಂದರು ಅತ್ತೆ.

೫. ತೆಗೆದೆ. ಅಂಗಡಿಯ ಬಟ್ಟೆ ರಾಶಿಯ ಹಿಂದಿನಿಂದ ಬೆಳ್ಳಗಾದ ತಲೆಯೊಂದು ಮೇಲೆದ್ದಿತು.

"ಬ್ಲೌಸ್ ಅಳತೆ ಕೊಡೋಕೆ ಈಗ ಬಂದ್ಯಾ?"

ಅತ್ತೆ ನಕ್ಕರು, ತಕ್ಷಣ ಅತ್ತರು. ಹಿಂದೆಯೇ ನುಗ್ಗುತ್ತಿದ್ದ ನನ್ನನ್ನು ತಡೆದು, "ಇಲ್ಲಿಂದಾಚೆ ನೀನು ಬರಬೇಡ. ಇದು ಬರೆಯೋಕಲ್ಲ" ಎಂದು ಬಾಗಿಲು ಮುಂದೆ ಮಾಡಿದರು.

ಓದುಗರೇ, ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಹೊಲಿಗೆ ಮಷಿನ್ನು ನಿಂತಿದೆ. ಜೀವನವಿಡೀ ಊರಿಗೇ ಕೇಳುವಂತೆ ಮಾತಾಡಿದ ಅತ್ತೆ ಒಳಗೆ ಏನೋ ಹೇಳುತ್ತಿದ್ದಾರೆ. ಒಂದಕ್ಷರವೂ ನನಗೆ ಕೇಳಿಸುತ್ತಿಲ್ಲ, ಸದ್ಯ.